ಕಣ್ಣಿಗೆ ಖಗ್ರಾಸ, ರೇಡಿಯೊಗೆ ಕಂಕಣ

ಮಾರ್ಚ್ ತಿಂಗಳ ಒಂದು ಹಗಲು. ಮಳೆ ಇಲ್ಲ, ಮೋಡ ಇಲ್ಲ. ಆದರೂ ಟಿವಿಯ ಚಿತ್ರ ಇದ್ದಕ್ಕಿದ್ದಂತೆ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡು ತುಂಡಾಗುತ್ತದೆ. ಕೆಲವು ನಿಮಿಷ ಕಳೆದರೆ ತಾನಾಗೇ ಸರಿಹೋಗುತ್ತದೆ. ಮರುದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ ಹಾಗೇ. ಡಿಟಿಎಚ್ ಇರುವ ಮನೆಯವರು ಇದನ್ನು ನೋಡಿರುತ್ತೀರಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಇನ್ನೊಂದು ಸಲ ಬರುತ್ತದೆ.

ಡಿಶ್ ಕೆಟ್ಟಿರುವುದಿಲ್ಲ. ಆ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಹಿಂದೆ ಬಂದು ನಿಂತಿರುತ್ತಾನೆ, ಅಷ್ಟೇ. ಉಪಗ್ರಹದ ಕಡೆ ಮುಖ ಮಾಡಿದ ಡಿಶ್ ಅವನನ್ನೂ ನೋಡುತ್ತದೆ. ಅವನ ರೇಡಿಯೊ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗುತ್ತದೆ.

ಸೂರ್ಯ ಬೆಳಕು, ಬಿಸಿಲಿನ ಜೊತೆ ರೇಡಿಯೊ ಅಲೆಗಳನ್ನೂ ಕಳಿಸುತ್ತಾನೆ ಅನ್ನುವುದಕ್ಕೆ ಮನೆಯ ಚಾವಣಿಯ ಮೇಲಿರುವ ಡಿಶ್ಶೇ ಸಾಕ್ಷಿ. ಹಾಗಾದರೆ ಗ್ರಹಣ ಹಿಡಿದಾಗ ಆ ಅಲೆಗಳು ಏನಾಗುತ್ತವೆ? ಖಗ್ರಾಸ ಗ್ರಹಣದಲ್ಲಿ ಹಗಲೇ ಕತ್ತಲಾಗುತ್ತದೆ, ಹಕ್ಕಿಗಳು ಗೂಡಿಗೆ ಹೊರಡುತ್ತವೆ. ರೇಡಿಯೊ ಕೂಡ ಹೀಗೇ ಆರಿಹೋಗುತ್ತದಾ?

ಇಲ್ಲ. ಎಷ್ಟು ಉಳಿಯುತ್ತದೆ ಅನ್ನುವುದು ನೀವು ಯಾವ ಅಲೆಯಲ್ಲಿ ಕೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಡಿಟಿಎಚ್‌ನಂಥ ಸೆಂಟಿಮೀಟರ್ ಅಲೆಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಕುಸಿದು, ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಒಂದು ಮೀಟರ್, ಎರಡು ಮೀಟರ್ ಉದ್ದದ ಅಲೆಗಳಲ್ಲಿ ಖಗ್ರಾಸದ ನಟ್ಟನಡುವೆಯೂ ಸೂರ್ಯ ಜೋರಾಗೇ ಕೇಳುತ್ತಿರುತ್ತಾನೆ. ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ, ಕಣ್ಣಿಗೆ ಖಗ್ರಾಸ ಆಗಿರುವಾಗಲೇ ರೇಡಿಯೊಗೆ ಅದು ಕಂಕಣ ಗ್ರಹಣ. ಚಂದ್ರನ ಸುತ್ತ ಒಂದು ಬಳೆ ಉಳಿದಿರುತ್ತದೆ. ಕಳೆದ 80 ವರ್ಷಗಳಲ್ಲಿ ಸೂರ್ಯನ ಬಗ್ಗೆ ಕಲಿತ ಕೆಲವು ದೊಡ್ಡ ಸಂಗತಿಗಳು ಆ ಬಳೆಯಿಂದಲೇ ಬಂದಿವೆ.

ಹಡಗನ್ನೇ ತಿರುಗಿಸಿದವರು

ಸೂರ್ಯನ ರೇಡಿಯೊ ಮೊದಲು ಸಿಕ್ಕಿದ್ದು ಯುದ್ಧದ ಗಲಾಟೆಯಲ್ಲಿ. 1942ರ ಫೆಬ್ರವರಿ ಕೊನೆಯಲ್ಲಿ ಬ್ರಿಟನ್ನಿನ ಸೇನೆಯ ರೇಡಾರ್‌ಗಳು ಒಟ್ಟಿಗೇ ಗದ್ದಲಕ್ಕೆ ಸಿಕ್ಕಿಕೊಂಡವು. ಜರ್ಮನರು ಬೇಕೆಂದೇ ರೇಡಾರ್ ಕೆಡಿಸುತ್ತಿದ್ದ ಕಾಲ ಅದು. ಈ ಸಲವೂ ಅವರದೇ ಕೈವಾಡ ಅಂದುಕೊಳ್ಳುವುದು ಸಹಜ. ಆದರೆ ತನಿಖೆಗೆ ಕೂತ ಜೇಮ್ಸ್ ಸ್ಟ್ಯಾನ್ಲಿ ಹೇ ಅವರು ಬೇರೆ ಬೇರೆ ಊರಿನ ರೇಡಾರ್‌ಗಳು ಯಾವ ದಿಕ್ಕು ತೋರಿಸುತ್ತಿವೆ ಅಂತ ನೋಡಿದರು. ಎಲ್ಲವೂ ಸೂರ್ಯನ ಕಡೆಗೇ ತೋರಿಸುತ್ತಿದ್ದವು. ಆಗ ಸೂರ್ಯನ ಮೈಮೇಲೆ ಒಂದು ದೊಡ್ಡ ಕಲೆ ಇತ್ತು. ಯುದ್ಧದ ಗುಟ್ಟಾದ್ದರಿಂದ ಈ ವಿಷಯ ಹೊರಗೆ ಬಂದಿದ್ದು ಯುದ್ಧ ಮುಗಿದ ಮೇಲೆಯೇ.

ಅಷ್ಟರಲ್ಲಿ ಇನ್ನೊಂದು ಒಗಟು ಬೆಳೆದು ನಿಂತಿತ್ತು. ನಮಗೆ ಕಾಣುವ ಸೂರ್ಯನ ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಖಗ್ರಾಸದಲ್ಲಿ ಅದರ ಸುತ್ತ ಮುತ್ತಿನ ಬಣ್ಣದ ಒಂದು ಪ್ರಭೆ ಕಾಣುತ್ತದೆ. ಅದೇ ಕರೋನಾ, ಸೂರ್ಯನ ಹೊರಗಿನ ತೆಳು ವಾತಾವರಣ. 1869ರ ಗ್ರಹಣದಲ್ಲಿ ಕರೋನಾದ ಬೆಳಕಿನಲ್ಲಿ ಒಂದು ಹಸಿರು ಗೆರೆ ಸಿಕ್ಕಿತ್ತು. ಅದು ಯಾವ ಧಾತುವಿನದು ಅಂತ 70 ವರ್ಷ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ 1940ರ ಆಸುಪಾಸಿನಲ್ಲಿ ಗ್ರೋಟ್ರಿಯನ್ ಮತ್ತು ಎಡ್ಲೆನ್ ಅವರ ಕೆಲಸದಿಂದ ಬಯಲಾಯಿತು: ಅದು ಕಬ್ಬಿಣವೇ. ಆದರೆ 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಹಾಗೆ ಆಗಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೇಲಿನ ಬಿಸಿ ಬೇಕು. ಒಲೆಯಿಂದ ದೂರ ಹೋದಷ್ಟೂ ಬಿಸಿ ಜಾಸ್ತಿಯಾದ ಹಾಗೆ ಇದು. ನಂಬಲು ಕಷ್ಟವೇ ಅಲ್ವಾ? ಇನ್ನೊಂದು ಕಡೆಯಿಂದ ಸಾಕ್ಷಿ ಬೇಕಿತ್ತು.

ಆ ಸಾಕ್ಷಿ ರೇಡಿಯೊದಿಂದ ಬರಬಹುದು ಅಂತ 1946ರಲ್ಲಿ ಬೇರೆ ಬೇರೆ ದೇಶದವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೇಳಿದರು. ಆಸ್ಟ್ರೇಲಿಯಾದಲ್ಲಿ ಡೇವಿಡ್ ಮಾರ್ಟಿನ್, ಸೋವಿಯತ್ ದೇಶದಲ್ಲಿ ವಿಟಾಲಿ ಗಿಂಜ್‌ಬರ್ಗ್ ಮತ್ತು ಯೋಸಿಫ್ ಶ್ಕ್ಲೋವ್‌ಸ್ಕಿ. ಅವರ ತರ್ಕ ಸರಳ. ಬಿಸಿಯಾದ ಅನಿಲದಲ್ಲಿ ಬಿಡಿಯಾಗಿ ಓಡಾಡುವ ಎಲೆಕ್ಟ್ರಾನ್‌ಗಳಿರುತ್ತವೆ. ಅವು ಎಷ್ಟು ದಟ್ಟವಾಗಿವೆಯೋ ಅದಕ್ಕೆ ತಕ್ಕಂತೆ ಒಂದು ಗಡಿ ಇರುತ್ತದೆ. ಆ ಗಡಿಗಿಂತ ಕಡಿಮೆ ಆವರ್ತನದ ರೇಡಿಯೊ ಅಲೆ ಆ ಅನಿಲವನ್ನು ದಾಟಿ ಹೊರಗೆ ಬರಲಾರದು. ಒಂದು ಘನ ಸೆಂಟಿಮೀಟರ್‌ನಲ್ಲಿ ಹತ್ತು ಕೋಟಿ ಎಲೆಕ್ಟ್ರಾನ್ ಇದ್ದರೆ ಗಡಿ ಸುಮಾರು 90 ಮೆಗಾಹರ್ಟ್ಸ್. ನಮ್ಮ ಎಫ್‌ಎಂ ಸ್ಟೇಷನ್‌ಗಳ ಜಾಗ ಅದು. ಸೂರ್ಯನಲ್ಲಿ ಮೇಲೆ ಹೋದಷ್ಟೂ ಅನಿಲ ತೆಳ್ಳಗಾಗುತ್ತದೆ. ಅಲೆಯ ಉದ್ದ ಕಡಿಮೆಯಾದಷ್ಟೂ ಅದರ ಆವರ್ತನ ಹೆಚ್ಚು. ಅದಕ್ಕೇ ಸೆಂಟಿಮೀಟರ್ ಅಲೆಗಳು ಸೂರ್ಯನ ಮೈಗೆ ಹತ್ತಿರದಿಂದ ಬರುತ್ತವೆ. ಮೀಟರ್ ಅಲೆಗಳು ಬರುವುದು ಮೇಲಿನ ಕರೋನಾದಿಂದ ಮಾತ್ರ. ರೇಡಿಯೊದ ಟ್ಯೂನಿಂಗ್ ಗುಂಡಿ ತಿರುಗಿಸುವುದು ಎಂದರೆ ಸೂರ್ಯನ ಮಹಡಿಗಳನ್ನು ಹತ್ತಿ ಇಳಿದ ಹಾಗೆ.

ಮೇಲಿನ ಮಹಡಿ ಕೆಳಗಿನದಕ್ಕಿಂತ ಅಗಲವಾಗಿರುತ್ತದೆ. ಚಂದ್ರ ಕಣ್ಣಿಗೆ ಕಾಣುವ ಸೂರ್ಯನಷ್ಟೇ ಅಗಲ. ಹಾಗಾಗಿ ಖಗ್ರಾಸದಲ್ಲಿ ಕೆಳಗಿನ ಮಹಡಿ ಮುಚ್ಚಿಹೋದರೂ ಮೇಲಿನದರ ಅಂಚು ಹೊರಗೆ ಚಾಚಿಕೊಂಡಿರಬೇಕು.

ಇದನ್ನು ಪರೀಕ್ಷಿಸಲು 1947ರ ಮೇ 20ರ ಗ್ರಹಣಕ್ಕೆ ಸೋವಿಯತ್ ತಂಡವೊಂದು ಗ್ರಿಬೊಯೆದೊವ್ ಎಂಬ ಹಡಗಿನಲ್ಲಿ ಬ್ರೆಜಿಲ್‌ಗೆ ಹೊರಟಿತು. ಗಿಂಜ್‌ಬರ್ಗ್, ಶ್ಕ್ಲೋವ್‌ಸ್ಕಿ ಇಬ್ಬರೂ ತಂಡದಲ್ಲಿದ್ದರು. ರೇಡಿಯೊ ಕೆಲಸ ಸೆಮ್ಯೋನ್ ಖೈಕಿನ್ ಮತ್ತು ಬೊರಿಸ್ ಚಿಖಾಚೆವ್ ಅವರದು. ಒಂದೂವರೆ ಮೀಟರ್ ಅಲೆಗೆ ಬೇಕಾದ ಆಂಟೆನಾ ದೊಡ್ಡದು. ಅದನ್ನು ಹಡಗಿನ ಮೇಲೇ ಕಟ್ಟಿದರು. ಸೂರ್ಯ ಸರಿದಂತೆ ಆಂಟೆನಾ ತಿರುಗಬೇಕಲ್ಲ? ಹಡಗನ್ನೇ ತಿರುಗಿಸಿದರು! ಈ ಪ್ರಸಂಗ ನನಗೆ ಬಹಳ ಇಷ್ಟ. ಇರುವ ಸಾಮಾನಿನಲ್ಲೇ ಕೆಲಸ ಸಾಧಿಸುವ ಜನ ಇವರು.

ಫಲಿತಾಂಶ ಸ್ಪಷ್ಟವಾಗಿತ್ತು. ಸೂರ್ಯ ಪೂರ್ತಿ ಮುಚ್ಚಿದಾಗಲೂ ಒಂದೂವರೆ ಮೀಟರ್ ಅಲೆಯ ಶಕ್ತಿ ಸುಮಾರು 40 ಪಾಲು ಉಳಿದಿತ್ತು, ಅಂದರೆ ನೂರರಲ್ಲಿ ನಲವತ್ತು. ಆಕಾಶದಲ್ಲಿ ಬೆಳಕು ಆರಿದೆ, ರೇಡಿಯೊ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇನ್ನೂ ಬರುತ್ತಲೇ ಇದೆ. ಮೀಟರ್ ಅಲೆಗಳು ಕರೋನಾದವು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಅದಕ್ಕೂ ಆರು ತಿಂಗಳು ಮೊದಲು, 1946ರ ನವೆಂಬರ್ 23ರಂದು, ಕೆನಡಾದ ಒಟ್ಟಾವಾದಲ್ಲಿ ಆರ್ಥರ್ ಕೋವಿಂಗ್ಟನ್ ಇನ್ನೊಂದು ಗ್ರಹಣ ನೋಡಿದ್ದರು. ಅದು ಖಂಡಗ್ರಾಸ ಮಾತ್ರ. ಅವರ ಕೈಯಲ್ಲಿದ್ದದ್ದು ಯುದ್ಧ ಮುಗಿದ ಮೇಲೆ ಉಳಿದ ರೇಡಾರ್ ಸಾಮಾನು, ಕೇಳುತ್ತಿದ್ದದ್ದು 10.7 ಸೆಂಟಿಮೀಟರ್ ಅಲೆ. ಚಂದ್ರ ಒಂದು ದೊಡ್ಡ ಸೂರ್ಯಕಲೆಯ ಗುಂಪನ್ನು ಮುಚ್ಚಿದ ಗಳಿಗೆಗೆ ಗ್ರಾಫಿನ ಗೆರೆ ತಟ್ಟನೆ ಇಳಿಯಿತು. ಮುಚ್ಚಿದ ಜಾಗಕ್ಕೆ ಹೋಲಿಸಿದರೆ ಇಳಿತ ತುಂಬಾ ಜಾಸ್ತಿ. ಅಂದರೆ ಸೂರ್ಯನ ರೇಡಿಯೊ ಎಲ್ಲ ಕಡೆಯಿಂದ ಸಮವಾಗಿ ಬರುತ್ತಿಲ್ಲ. ಕಲೆಗಳ ಮೇಲಿನ ಜಾಗ ಹತ್ತು ಲಕ್ಷ ಡಿಗ್ರಿ ದಾಟಿದ ಕುಲುಮೆಯಂತೆ ಹೊಳೆಯುತ್ತಿದೆ. ಕಣ್ಣಿಗೆ ಕಪ್ಪಾಗಿ ಕಾಣುವ ಕಲೆ ರೇಡಿಯೊಗೆ ಎಲ್ಲಕ್ಕಿಂತ ಪ್ರಕಾಶದ ಜಾಗ.

ಕೋವಿಂಗ್ಟನ್ 1947ರಿಂದ ಆ 10.7 ಸೆಂಟಿಮೀಟರ್ ಅಲೆಯನ್ನು ದಿನಾ ಅಳೆಯತೊಡಗಿದರು. ಕೆನಡಾದಲ್ಲಿ ಅದು ಇವತ್ತಿಗೂ ನಡೆದಿದೆ. ಸೂರ್ಯನ ಚಟುವಟಿಕೆ ಎಷ್ಟಿದೆ, ಭೂಮಿಯ ವಾತಾವರಣದ ಮೇಲ್ಪದರ ಎಷ್ಟು ಉಬ್ಬುತ್ತದೆ, ಉಪಗ್ರಹಗಳು ಎಷ್ಟು ಬೇಗ ಕೆಳಗಿಳಿಯುತ್ತವೆ ಅಂತ ಲೆಕ್ಕ ಹಾಕುವವರು ಇವತ್ತೂ ಆ ಅಂಕಿಯನ್ನೇ ಬಳಸುತ್ತಾರೆ.

ಚಂದ್ರನ ಅಂಚು ಮಾಡುವ ಕೆಲಸ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಕೋವಿಂಗ್ಟನ್ ಅವರ ಡಿಶ್‌ಗೆ ಸೂರ್ಯನ ಮೇಲಿನ ಒಂದು ಕಲೆಯನ್ನು ಬೇರೆಯಾಗಿ ನೋಡುವ ಶಕ್ತಿಯೇ ಇರಲಿಲ್ಲ. ಅದಕ್ಕೆ ಇಡೀ ಸೂರ್ಯ ಒಂದೇ ಒಂದು ಮಬ್ಬು ಚುಕ್ಕೆ. ಹಾಗಿದ್ದೂ ಕಲೆ ಎಲ್ಲಿದೆ ಅಂತ ಹೇಗೆ ಗೊತ್ತಾಯಿತು?

ರಾತ್ರಿ ಹೊತ್ತು ದೂರದ ಊರಿನಲ್ಲಿ ಜಾತ್ರೆ ಅಂದುಕೊಳ್ಳಿ. ನಿಮಗೆ ಕನ್ನಡಕ ಇಲ್ಲ. ದೀಪಗಳೆಲ್ಲ ಸೇರಿ ಒಂದು ಬೆಳಕಿನ ಮುದ್ದೆಯಾಗಿ ಕಾಣುತ್ತಿವೆ. ಆ ದೀಪಗಳ ಮುಂದೆ ಒಂದು ಲಾರಿ ನಿಧಾನಕ್ಕೆ ಎಡದಿಂದ ಬಲಕ್ಕೆ ಹೋಗುತ್ತಿದೆ. ಲಾರಿಯ ಮೂತಿ ಎಲ್ಲಿದೆ ಅಂತ ಪ್ರತಿ ಗಳಿಗೆಗೂ ನಿಮಗೆ ಗೊತ್ತು. ಒಂದು ದೊಡ್ಡ ದೀಪ ಮರೆಯಾದ ತಕ್ಷಣ ಮುದ್ದೆಯ ಬೆಳಕು ಒಂದು ಮೆಟ್ಟಿಲು ಇಳಿಯುತ್ತದೆ. ಆ ಗಳಿಗೆಗೆ ಲಾರಿಯ ಮೂತಿ ಇದ್ದ ಜಾಗವೇ ದೀಪದ ಜಾಗ. ಬೆಳಕು ತಟ್ಟನೆ ಇಳಿದರೆ ದೀಪ ಚಿಕ್ಕದು. ನಿಧಾನಕ್ಕೆ ಜಾರುತ್ತಾ ಇಳಿದರೆ ದೀಪ ಅಗಲ. ಕನ್ನಡಕ ಇಲ್ಲದೆ, ಬರೀ ಬೆಳಕು ಎಷ್ಟು ಅಂತ ಅಳೆದು, ಜಾತ್ರೆಯ ನಕ್ಷೆ ಬರೆಯಬಹುದು.

ಗ್ರಹಣದಲ್ಲಿ ಆ ಲಾರಿ ಚಂದ್ರ. ಅವನ ಅಂಚು ಯಾವ ಸೆಕೆಂಡಿಗೆ ಎಲ್ಲಿರುತ್ತದೆ ಅಂತ ಲೆಕ್ಕ ಹಾಕುವುದು ನಮಗೆ ಚೆನ್ನಾಗಿ ಗೊತ್ತು. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಸೂಕ್ಷ್ಮ ಲೆಕ್ಕಕ್ಕೆ ಡಿಗ್ರಿಯನ್ನು 3,600 ಪಾಲು ಮಾಡುತ್ತಾರೆ. ಒಂದೊಂದು ಪಾಲಿಗೆ ಆರ್ಕ್ ಸೆಕೆಂಡ್ ಅಂತ ಹೆಸರು. ಹಳೆಯ ಗಣಿತದ ಮಾತಿನಲ್ಲಿ ವಿಕಲೆ. ಸೂರ್ಯ ಸುಮಾರು 1,900 ವಿಕಲೆ ಅಗಲ. ಚಂದ್ರನ ಅಂಚು ಸೆಕೆಂಡಿಗೆ ಅರ್ಧ ವಿಕಲೆಯ ಆಸುಪಾಸಿನಲ್ಲಿ ಸರಿಯುತ್ತದೆ. ಸೂರ್ಯನ ಮೇಲೆ ಅದು ಮುನ್ನೂರು, ಮುನ್ನೂರೈವತ್ತು ಕಿಲೋಮೀಟರ್ ಆಗುತ್ತದೆ. ಸೆಕೆಂಡಿಗೊಂದು ಸಲ ಅಳೆದರೂ ಸಾಕು, ಒಳ್ಳೆಯ ಸೂಕ್ಷ್ಮತೆ ಸಿಗುತ್ತದೆ.

ಇದಕ್ಕೆ ಮಿತಿಯೂ ಉಂಟು. ಚೂಪು ಅಂಚಿಗೆ ತಗುಲಿದ ಅಲೆ ಸ್ವಲ್ಪ ಬಾಗುತ್ತದೆ. ಅಲೆ ಉದ್ದವಾದಷ್ಟೂ ನೆರಳಿನ ಅಂಚು ಮಬ್ಬಾಗುತ್ತದೆ. 10 ಸೆಂಟಿಮೀಟರ್ ಅಲೆಗೆ ಎರಡು ಮೂರು ವಿಕಲೆ ಮಬ್ಬು. 170 ಮೆಗಾಹರ್ಟ್ಸ್‌ನಲ್ಲಿ, ಅಂದರೆ 1.76 ಮೀಟರ್ ಅಲೆಗೆ, ಹತ್ತು ವಿಕಲೆಯ ಹತ್ತಿರ. ಅಷ್ಟಾದರೂ ಅದು ಬಹಳ ಒಳ್ಳೆಯ ಸೂಕ್ಷ್ಮತೆಯೇ.

ಇನ್ನೊಂದು ಕೊರತೆ ಇದೆ. ಒಂದು ಊರಿನಿಂದ ನೋಡಿದರೆ ದೀಪ ಚಂದ್ರನ ಅಂಚಿನ ಗೆರೆಯ ಮೇಲೆ ಎಲ್ಲೋ ಇದೆ ಅಂತಷ್ಟೇ ತಿಳಿಯುತ್ತದೆ. ಗೆರೆಯ ಯಾವ ಜಾಗದಲ್ಲಿ ಅಂತ ತಿಳಿಯುವುದಿಲ್ಲ. ಗ್ರಹಣ ಬಿಡುವಾಗ ಅಂಚು ಬೇರೆ ಓರೆಯಲ್ಲಿ ಬರುತ್ತದೆ, ಅದು ಎರಡನೇ ಗೆರೆ ಕೊಡುತ್ತದೆ. ಇನ್ನೂ ಖಚಿತ ಮಾಡಬೇಕಾದರೆ ದೂರದೂರದ ಊರುಗಳಿಂದ ನೋಡಬೇಕು. 1948ರ ನವೆಂಬರ್ 1ರ ಖಂಡಗ್ರಾಸದಲ್ಲಿ ಆಸ್ಟ್ರೇಲಿಯಾದ ಕ್ರಿಶ್ಚಿಯನ್‌ಸನ್, ಯಾಬ್ಸ್ಲಿ, ಮಿಲ್ಸ್ ಹೀಗೇ ಮಾಡಿದರು. ಸಿಡ್ನಿಯ ಪಾಟ್ಸ್ ಹಿಲ್, ವಿಕ್ಟೋರಿಯಾದ ರಾಕ್‌ಬ್ಯಾಂಕ್, ಟಾಸ್ಮೇನಿಯಾದ ಸ್ಟ್ರಾಹನ್, ಮೂರೂ ಕಡೆ 600 ಮೆಗಾಹರ್ಟ್ಸ್‌ನಲ್ಲಿ ಅಳೆದರು. ಮೂರು ಕಡೆಯ ಗೆರೆಗಳು ಒಂದನ್ನೊಂದು ದಾಟಿದ ಜಾಗದಲ್ಲಿ ರೇಡಿಯೊ ಹೊಳಪಿನ ಚುಕ್ಕೆಗಳು ಸಿಕ್ಕವು. ಬಹಳಷ್ಟು ಸೂರ್ಯಕಲೆಗಳ ಮೇಲೇ ಇದ್ದವು.

ಈ ಕಥೆಗೆ ನಮ್ಮ ದೇಶದ ಒಂದು ಎಳೆ ಸೇರಿಕೊಳ್ಳುತ್ತದೆ. ಗ್ರಹಣ ಬರುವವರೆಗೂ ಕಾಯುವ ಬದಲು ದಿನಾ ಇಂಥ ನಕ್ಷೆ ಸಿಗಬೇಕು ಅಂತ ಕ್ರಿಶ್ಚಿಯನ್‌ಸನ್ ಪಾಟ್ಸ್ ಹಿಲ್‌ನ ಕೆರೆದಂಡೆಯ ಮೇಲೆ ಆರು ಅಡಿಯ 32 ಡಿಶ್‌ಗಳನ್ನು ಸಾಲಾಗಿ ನಿಲ್ಲಿಸಿದರು. ಐವತ್ತರ ದಶಕದಲ್ಲಿ ಅಲ್ಲಿಗೆ ಕಲಿಯಲು ಹೋಗಿದ್ದ ನಮ್ಮ ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ಕಣ್ಣಿಗೆ ಅವು ಬಿದ್ದವು. ಕೆಲಸ ಮುಗಿದ ಆ ಡಿಶ್‌ಗಳನ್ನು ಆಸ್ಟ್ರೇಲಿಯಾ ಭಾರತಕ್ಕೆ ಕಾಣಿಕೆಯಾಗಿ ಕೊಟ್ಟಿತು. 1965ರಲ್ಲಿ ಮುಂಬೈ ಹತ್ತಿರದ ಕಲ್ಯಾಣ್‌ನಲ್ಲಿ ಅವು ಮತ್ತೆ ಸೂರ್ಯನ ಕಡೆ ಮುಖ ಮಾಡಿದವು. ಅದೇ ಸ್ವರೂಪ್ 1970ರಲ್ಲಿ ಊಟಿಯ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ ಕಟ್ಟಿಸಿದರು. ಅದನ್ನು ಕಟ್ಟಿದ್ದೇ ಚಂದ್ರನ ಅಂಚಿನ ಉಪಾಯಕ್ಕಾಗಿ. ದೂರದ ಗೆಲಾಕ್ಸಿಗಳನ್ನು ಚಂದ್ರ ಮುಚ್ಚುವಾಗ ಅವುಗಳ ಅಳತೆ ತೆಗೆಯುವುದು ಅದರ ಮೊದಲ ಕೆಲಸವಾಗಿತ್ತು.

ಗೌರಿಬಿದನೂರಿನ ಒಂದು ಸಂಜೆ

ಬೆಂಗಳೂರಿನಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಗೌರಿಬಿದನೂರು. ಅಲ್ಲಿ 1970ರ ದಶಕದಿಂದ ಒಂದು ರೇಡಿಯೊ ವೀಕ್ಷಣಾಲಯ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ದೊಡ್ಡ ಬಿಳಿ ಡಿಶ್‌ಗಳನ್ನು ನಿರೀಕ್ಷಿಸಿ ಹೋದವರಿಗೆ ಕಾಣುವುದು ಬಯಲು ತುಂಬಾ ನೆಟ್ಟ ಕಂಬ, ತಂತಿ. ಮೀಟರ್ ಅಲೆಗಳಿಗೆ ಅಷ್ಟೇ ಸಾಕು. ಹಳೆಯ ಟಿವಿ ಆಂಟೆನಾದ ದೊಡ್ಡ ಅಣ್ಣಂದಿರು ಅನ್ನಬಹುದು. 1997ರಿಂದ ಇಲ್ಲಿ ಸೂರ್ಯನಿಗೇ ಮೀಸಲಾದ ರೇಡಿಯೊ ಹೀಲಿಯೊಗ್ರಾಫ್ ಕೆಲಸ ಮಾಡುತ್ತಿದೆ. ಅದು ಹತ್ತಿರ ಹತ್ತಿರ 40ರಿಂದ 120 ಮೆಗಾಹರ್ಟ್ಸ್‌ನಲ್ಲಿ ಕರೋನಾದ ಚಿತ್ರ ತೆಗೆಯುತ್ತದೆ.

2008ರ ಆಗಸ್ಟ್ 1ರಂದು ಕೆನಡಾ, ಸೈಬೀರಿಯಾ, ಚೀನಾ ಕಡೆ ಖಗ್ರಾಸ ಗ್ರಹಣ. ನಮಗೆ ಸಂಜೆ ಹೊತ್ತಿಗೆ ಖಂಡಗ್ರಾಸ ಮಾತ್ರ. ಸೂರ್ಯನ ಒಂದು ಅಂಚನ್ನು ಚಂದ್ರ ಕಚ್ಚಿದ್ದ, ಅಷ್ಟೇ. ಗೌರಿಬಿದನೂರಿನ ತಂಡ ಆ ಹೊತ್ತಿಗೆ 170 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತಿತ್ತು. ಸಿಕ್ಕಿದ್ದು ಕರೋನಾದೊಳಗಿನ ಒಂದು ಬಹಳ ಚಿಕ್ಕ ರೇಡಿಯೊ ಚುಕ್ಕೆ. ಅದರ ಅಗಲ ಸುಮಾರು 15 ವಿಕಲೆ. ಸೂರ್ಯನ ದೂರಕ್ಕೆ ಲೆಕ್ಕ ಹಾಕಿದರೆ 11 ಸಾವಿರ ಕಿಲೋಮೀಟರ್ ಆಸುಪಾಸು. ನಮ್ಮ ಭೂಮಿಗಿಂತ ಸ್ವಲ್ಪ ಚಿಕ್ಕದು!

ಇದರಲ್ಲಿ ಎರಡು ಸಂಗತಿ ಅಡಗಿವೆ.

ಒಂದು ಸುಮ್ನೆ ಲೆಕ್ಕದ ಮಾತು. 1.76 ಮೀಟರ್ ಅಲೆಯಲ್ಲಿ 15 ವಿಕಲೆ ಬಿಡಿಸಿ ನೋಡಬೇಕಾದರೆ ಸುಮಾರು 24 ಕಿಲೋಮೀಟರ್ ಅಗಲದ ದೂರದರ್ಶಕ ಬೇಕು. ಪುಣೆ ಹತ್ತಿರದ ಜಿಎಂಆರ್‌ಟಿ ಅಷ್ಟು ದೊಡ್ಡದಿದೆ. ಅದರ 30 ದೈತ್ಯ ಡಿಶ್‌ಗಳು 25 ಕಿಲೋಮೀಟರ್ ಉದ್ದಗಲಕ್ಕೆ ಹರಡಿವೆ. ಆ ಸಂಜೆ ಗೌರಿಬಿದನೂರಿಗೆ ಆ ಸೂಕ್ಷ್ಮತೆಯನ್ನು ಚಂದ್ರ ಕೊಟ್ಟ.

ಇನ್ನೊಂದು ಭೌತಶಾಸ್ತ್ರದ ಮಾತು. ಕರೋನಾದ ಅನಿಲ ನಿಂತ ನೀರಿನಂತೆ ಇಲ್ಲ. ಕುದಿಯುವ ಎಸರಿನ ಹಾಗೆ ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತೆಳು. ಅದರ ಮೂಲಕ ಬರುವ ರೇಡಿಯೊ ಅಲೆ ಚದುರುತ್ತದೆ. ಬಚ್ಚಲ ಮನೆಯ ಉಗಿಯಲ್ಲಿ ಬಲ್ಬು ದೊಡ್ಡದಾಗಿ, ಮಬ್ಬಾಗಿ ಕಾಣುತ್ತದಲ್ಲ, ಹಾಗೆ. ಅದಕ್ಕೇ ಮೀಟರ್ ಅಲೆಗಳಲ್ಲಿ ಸಣ್ಣ ಚುಕ್ಕೆಗಳು ಕಾಣಿಸಲಾರವು, ಎಲ್ಲ ಹರಡಿಹೋಗಿ ಅಗಲವಾಗುತ್ತವೆ ಅನ್ನುವ ವಾದ ಬಲವಾಗಿತ್ತು. 15 ವಿಕಲೆಯ ಚುಕ್ಕೆ ಉಳಿದುಕೊಂಡು ಬಂದಿದೆ ಎಂದರೆ, ಕನಿಷ್ಠ ಆ ದಿನ ಆ ದಾರಿಯಲ್ಲಿ ಚದುರುವಿಕೆ ಅಂದುಕೊಂಡಷ್ಟು ಇರಲಿಲ್ಲ. ಕರೋನಾದ ಕುದಿತ ಎಷ್ಟು ಅನ್ನುವುದು ಸಣ್ಣ ಪ್ರಶ್ನೆಯಲ್ಲ. ಸೂರ್ಯನ ಸ್ಫೋಟಗಳ ಜೊತೆ ಹೊರಡುವ ರೇಡಿಯೊ ಸಿಡಿತಗಳು ಎಲ್ಲಿಂದ ಹೊರಟವು ಅಂತ ಗುರುತು ಹಿಡಿಯುವ ಕೆಲಸ ಇದೇ ಲೆಕ್ಕದ ಮೇಲೆ ನಿಂತಿದೆ.

ಖಗ್ರಾಸವೇ ಆಗಬೇಕು, ವಿಮಾನ ಹತ್ತಿ ಹೋಗಬೇಕು ಅನ್ನುವ ಮಾತು ರೇಡಿಯೊ ವಿಷಯದಲ್ಲಿ ನಿಜವಲ್ಲ. ಚಂದ್ರನ ಅಂಚು ಬೇಕಾದ ಜಾಗದ ಮೇಲೆ ಹಾದುಹೋದರೆ ಸಾಕು. ಮೋಡ ಬಂದರೂ ಚಿಂತೆ ಇಲ್ಲ. ಆಗಸ್ಟ್ ತಿಂಗಳ ನಮ್ಮ ಆಕಾಶ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೇಳಬೇಕಿಲ್ಲ.

ಆಕಾಶದಲ್ಲೇ ಗ್ರಹಣ ಮಾಡುವ ಕಾಲದಲ್ಲಿ

ಈಗ ಗ್ರಹಣಕ್ಕೆ ಕಾಯದೆ ಕರೋನಾ ನೋಡುವ ಉಪಕರಣಗಳು ಬಂದಿವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಕರೋನಾಗ್ರಾಫ್ ಇದೆ. ಸೂರ್ಯನ ಬಿಲ್ಲೆಯ ಬೆಳಕನ್ನು ಒಳಗೇ ಮರೆಮಾಡಿ ಸುತ್ತಲ ಕರೋನಾ ತೋರಿಸುವ ಯಂತ್ರ ಅದು. 2024ರ ಡಿಸೆಂಬರ್ 5ರಂದು ನಮ್ಮ ಪಿಎಸ್‌ಎಲ್‌ವಿ ರಾಕೆಟ್ ಶ್ರೀಹರಿಕೋಟಾದಿಂದ ಯುರೋಪಿನ ಪ್ರೋಬಾ-3 ಜೋಡಿಯನ್ನು ಕಕ್ಷೆಗೆ ಸೇರಿಸಿತು. ಎರಡು ಪುಟ್ಟ ನೌಕೆಗಳು 150 ಮೀಟರ್ ಅಂತರದಲ್ಲಿ ಸಾಲಾಗಿ ಹಾರುತ್ತವೆ. ಮುಂದಿನದರ 1.4 ಮೀಟರ್ ಅಗಲದ ತಟ್ಟೆ ಸೂರ್ಯನನ್ನು ಮುಚ್ಚುತ್ತದೆ, ಹಿಂದಿನದು ನೆರಳಿನಲ್ಲಿ ನಿಂತು ನೋಡುತ್ತದೆ. ಗ್ರಹಣದಲ್ಲಿ ಕೆಲವೇ ನಿಮಿಷ ಸಿಗುವುದು ಇಲ್ಲಿ ಗಂಟೆಗಟ್ಟಲೆ ಸಿಗುತ್ತದೆ. ಇವೆರಡೂ ಹೆಮ್ಮೆ ಪಡುವ ಸಾಧನೆಗಳೇ.

ಆದರೆ ಇವೆಲ್ಲ ಬೆಳಕಿಗೆ. ರೇಡಿಯೊಗೆ ಈ ಉಪಾಯ ನಡೆಯುವುದಿಲ್ಲ. ಪ್ರೋಬಾ-3ರ ತಟ್ಟೆ 1.4 ಮೀಟರ್. ಗೌರಿಬಿದನೂರಿನವರು ಕೇಳಿದ ಅಲೆ 1.76 ಮೀಟರ್. ತಟ್ಟೆಗಿಂತ ಅಲೆಯೇ ದೊಡ್ಡದು! ಅಂಥ ಅಲೆ ತಟ್ಟೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಳಸಿಕೊಂಡು ಮುಂದೆ ಹೋಗುತ್ತದೆ, ನೆರಳೇ ಬೀಳುವುದಿಲ್ಲ. ಮೀಟರ್ ಅಲೆಗೆ ಚೂಪಾದ ನೆರಳು ಬೇಕಾದರೆ ಮರೆ ಮಾಡುವ ವಸ್ತು ಭಾರಿ ದೊಡ್ಡದಿರಬೇಕು, ಭಾರಿ ದೂರದಲ್ಲೂ ಇರಬೇಕು. 3,476 ಕಿಲೋಮೀಟರ್ ಅಗಲದ, ಸುಮಾರು 3.84 ಲಕ್ಷ ಕಿಲೋಮೀಟರ್ ದೂರದ ಚಂದ್ರನಿಗೆ ಬದಲಿ ನಮ್ಮ ಹತ್ತಿರ ಇಲ್ಲ.

ದೊಡ್ಡ ದೊಡ್ಡ ಆಂಟೆನಾ ಸಾಲುಗಳು ಇವೆಯಲ್ಲ, ಅವು ಸಾಲದೇ ಅಂತ ಕೇಳಬಹುದು. ಅವು ದಿನಾ ಚಿತ್ರ ಕೊಡುತ್ತವೆ, ಆ ಮಟ್ಟಿಗೆ ಗ್ರಹಣಕ್ಕಿಂತ ಎಷ್ಟೋ ಮೇಲು. ಆದರೆ ಅವುಗಳ ಚಿತ್ರ ನೇರವಾಗಿ ಬರುವುದಿಲ್ಲ. ಜೋಡಿ ಜೋಡಿ ಆಂಟೆನಾಗಳ ಅಳತೆಗಳನ್ನು ಗಣಿತದಲ್ಲಿ ಹೊಲಿದು ಚಿತ್ರ ಮಾಡಬೇಕು. ಸೂರ್ಯನಂಥ ಅಗಲವಾದ, ನಿಮಿಷ ನಿಮಿಷಕ್ಕೂ ಬದಲಾಗುವ ವಸ್ತುವಿಗೆ ಈ ಹೊಲಿಗೆ ಬಲು ಕಷ್ಟ. ಗ್ರಹಣದಲ್ಲಿ ಸಿಗುವ ಅಳತೆ ಇನ್ನೊಂದು ದಾರಿಯಿಂದ ಬರುತ್ತದೆ. ಎರಡೂ ಒಂದೇ ಉತ್ತರ ಕೊಟ್ಟರೆ ಹೊಲಿಗೆ ಸರಿ ಇದೆ. ಬೇರೆ ಬೇರೆ ಉತ್ತರ ಬಂದರೆ ಎಲ್ಲೋ ದಾರ ತಪ್ಪಿದೆ. ಗ್ರಹಣದ ರೇಡಿಯೊ ಕೆಲಸಕ್ಕೆ ಇವತ್ತಿಗೂ ಬೆಲೆ ಇರುವುದು ಮುಖ್ಯವಾಗಿ ಇದಕ್ಕೇ ಅಂತ ನನ್ನ ನಂಬಿಕೆ.

ಕೆಲಸ ಸುಲಭ ಅಂತ ಮಾತ್ರ ಹೇಳಲಾರೆ. ಜಾತ್ರೆಯ ಉದಾಹರಣೆಯಲ್ಲಿ ದೀಪಗಳು ಸುಮ್ಮನೆ ಉರಿಯುತ್ತಿದ್ದವು. ಸೂರ್ಯ ಹಾಗಲ್ಲ. ಗೆರೆ ಇಳಿದರೆ ಚಂದ್ರ ಮುಚ್ಚಿದ್ದಕ್ಕಾ, ಸೂರ್ಯನೇ ತಣ್ಣಗಾಗಿದ್ದಕ್ಕಾ? ರಿಸೀವರ್ ಬಿಸಿಯೇರಿದರೂ ಗೆರೆ ಜಾರುತ್ತದೆ. 1945ರ ಜುಲೈ 9ರ ಗ್ರಹಣವನ್ನು 1.25 ಸೆಂಟಿಮೀಟರ್ ಅಲೆಯಲ್ಲಿ ಅಳೆದ ರಾಬರ್ಟ್ ಡಿಕಿ ಈ ಕೊನೆಯ ತೊಂದರೆಗೆ ಒಳ್ಳೆಯ ಉಪಾಯ ಕಂಡುಕೊಂಡಿದ್ದರು. ರಿಸೀವರನ್ನು ಒಂದು ಗಳಿಗೆ ಆಕಾಶಕ್ಕೆ, ಒಂದು ಗಳಿಗೆ ಗೊತ್ತಿರುವ ಬಿಸಿಯ ವಸ್ತುವಿಗೆ ಬೇಗ ಬೇಗ ಬದಲಿಸುತ್ತಾ ಹೋಗುವುದು. ವ್ಯತ್ಯಾಸ ಮಾತ್ರ ಲೆಕ್ಕಕ್ಕೆ. ರೇಡಿಯೊ ಖಗೋಳದವರು ಆ ಉಪಾಯವನ್ನು ಇವತ್ತಿಗೂ ಬಳಸುತ್ತಾರೆ. ಇದರ ಜೊತೆ ನಮ್ಮದೇ ಭೂಮಿಯ ಅಯಾನುಗೋಲ ಇದೆ, ಅಂದರೆ ಬಿಡಿ ಎಲೆಕ್ಟ್ರಾನ್ ತುಂಬಿದ ಮೇಲಿನ ಗಾಳಿಯ ಪದರ. ಅದು ಇರುವುದೇ ಸೂರ್ಯನಿಂದ. ಗ್ರಹಣದ ನೆರಳು ಬಿದ್ದರೆ ಅದೂ ತೆಳ್ಳಗಾಗುತ್ತದೆ, ಕಡಿಮೆ ಆವರ್ತನದ ಅಲೆಗಳ ದಾರಿ ಸ್ವಲ್ಪ ಬದಲಾಗುತ್ತದೆ. ಒಬ್ಬರಿಗೆ ತೊಂದರೆಯಾದದ್ದು ಇನ್ನೊಬ್ಬರಿಗೆ ವಿಷಯ: 2017ರ ಆಗಸ್ಟ್ 21ರಂದು ಅಮೆರಿಕದ ಸಾವಿರಾರು ಹ್ಯಾಮ್ ರೇಡಿಯೊ ಹವ್ಯಾಸಿಗಳು ಗ್ರಹಣದ ಹೊತ್ತಿಗೆ ಪರಸ್ಪರ ಮಾತಾಡಿ ಅಯಾನುಗೋಲದ ಬದಲಾವಣೆಗೆ ದಾಖಲೆ ಕೂಡಿಸಿದರು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆಯಾಗುವುದು ಮನುಷ್ಯರ ಗದ್ದಲ. ಎಫ್‌ಎಂ ಸ್ಟೇಷನ್‌ಗಳು 88ರಿಂದ 108 ಮೆಗಾಹರ್ಟ್ಸ್‌ನಲ್ಲಿ ಕೂತಿವೆ. ಹೀಲಿಯೊಗ್ರಾಫ್ ಕೇಳುವ ಜಾಗದ ನಟ್ಟನಡುವೆ. ಅಗ್ಗದ ಎಲ್‌ಇಡಿ ಬಲ್ಬಿನ ಸರ್ಕಿಟ್, ಕಿಡಿ ಹಾರಿಸುವ ವಿದ್ಯುತ್ ತಂತಿ, ಗಾಡಿಗಳ ಪ್ಲಗ್ಗು, ಎಲ್ಲವೂ ರೇಡಿಯೊ ಸದ್ದು ಮಾಡುತ್ತವೆ. ಬೆಂಗಳೂರು ಉತ್ತರಕ್ಕೆ ಬೆಳೆಯುತ್ತಲೇ ಇದೆ. ಹೊಸ ಗದ್ದಲ ಮೇಲಿನಿಂದಲೂ ಬರುತ್ತಿದೆ. 2023ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕ ಬಳಸಿದ ಖಗೋಳ ವಿಜ್ಞಾನಿಗಳು ಸ್ಟಾರ್‌ಲಿಂಕ್ ಉಪಗ್ರಹಗಳ ಎಲೆಕ್ಟ್ರಾನಿಕ್ಸ್‌ನಿಂದ 110ರಿಂದ 188 ಮೆಗಾಹರ್ಟ್ಸ್ ನಡುವೆ ಬೇಡದ ಅಲೆಗಳು ಸೋರುತ್ತಿರುವುದನ್ನು ಹಿಡಿದರು. ಸಂಪರ್ಕಕ್ಕೆ ಕೊಟ್ಟ ಆವರ್ತನಗಳು ಇವಲ್ಲ, ಸುಮ್ಮನೆ ಸೋರಿಕೆ. ಗೌರಿಬಿದನೂರಿಗೆ 15 ವಿಕಲೆಯ ಚುಕ್ಕೆ ಸಿಕ್ಕ 170 ಮೆಗಾಹರ್ಟ್ಸ್ ಇದರ ಒಳಗೇ ಬರುತ್ತದೆ. ಬೆಟ್ಟ ಗುಡ್ಡ ನೋಡಿ ದೂರದರ್ಶಕ ಇಟ್ಟರೆ ಕೆಳಗಿನ ಗದ್ದಲ ತಡೆಯಬಹುದು. ತಲೆಯ ಮೇಲೆ ಹಾದುಹೋಗುವುದಕ್ಕೆ ಯಾವ ಬೆಟ್ಟ ಅಡ್ಡ ಇಡುವುದು? ಉಪಗ್ರಹ ಕಟ್ಟುವವರೇ ಸೋರಿಕೆ ತಡೆಯಬೇಕು. ಅದಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡು ಬರಬೇಕು, ಭಾರತ ಅದನ್ನು ಗಟ್ಟಿಯಾಗಿ ಕೇಳಬೇಕು.

2027ರ ಆಗಸ್ಟ್ 2

ಮುಂದಿನ ದೊಡ್ಡ ಅವಕಾಶ 2027ರ ಆಗಸ್ಟ್ 2. ಸ್ಪೇನ್‌ನ ದಕ್ಷಿಣ ತುದಿ, ಉತ್ತರ ಆಫ್ರಿಕಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮೆನ್ ಮೇಲೆ ಖಗ್ರಾಸ. ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷ 23 ಸೆಕೆಂಡ್ ಕತ್ತಲು. ಜೆದ್ದಾ, ಮಕ್ಕಾ ಎರಡೂ ದಾರಿಯಲ್ಲಿವೆ. ಕೆಲಸಕ್ಕೆಂದು ಅಲ್ಲಿರುವ ನಮ್ಮ ಕರಾವಳಿಯ ಎಷ್ಟೋ ಮಂದಿ ಮನೆ ಮುಂದೆಯೇ ಖಗ್ರಾಸ ನೋಡಬಹುದು. ನಮಗೆ ಇಲ್ಲಿ ಮಧ್ಯಾಹ್ನ ಕಳೆದ ಮೇಲೆ ಖಂಡಗ್ರಾಸ. ಮುಂಗಾರಿನ ಕಾಲವಾದ್ದರಿಂದ ಕಣ್ಣಿಗೆ ಸಿಗುವುದು ಅದೃಷ್ಟ. ರೇಡಿಯೊಗೆ ಆ ಚಿಂತೆ ಹೆಚ್ಚಿಲ್ಲ. ಸೆಂಟಿಮೀಟರ್ ಅಲೆಗೆ ಜಡಿಮಳೆ ಸ್ವಲ್ಪ ಅಡ್ಡಿ ಮಾಡುತ್ತದೆ, ಬರೀ ಮೋಡಕ್ಕೆ ಅದು ಬಗ್ಗುವುದಿಲ್ಲ.

1980ರ ಫೆಬ್ರವರಿ 16ರ ಖಗ್ರಾಸ ನಮ್ಮ ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯ ಮೇಲೇ ಹಾದಿತ್ತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳ ಬಿಡಾರ ಇತ್ತು. ಅದೇ ಗ್ರಹಣಕ್ಕೆ ಹೈದರಾಬಾದ್ ಹತ್ತಿರದ ಜಪಾಲ್-ರಂಗಾಪುರ ವೀಕ್ಷಣಾಲಯದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದವರು 10 ಅಡಿಯ ಡಿಶ್ ಹಿಡಿದು 10 ಗಿಗಾಹರ್ಟ್ಸ್‌ನಲ್ಲಿ ಸೂರ್ಯನನ್ನು ಕೇಳಿದ್ದರು. ಆಗ ಅದು ಒಂದು ವಿಶ್ವವಿದ್ಯಾಲಯದ ಕೆಲಸ. ಈಗ ಡಿಟಿಎಚ್ ಡಿಶ್ ಕೆಲಸ ಮಾಡುವುದು ಹತ್ತಿರ ಹತ್ತಿರ ಅದೇ ಆವರ್ತನದಲ್ಲಿ. ಗುಜರಿಗೆ ಹೋಗಲಿರುವ ಒಂದು ಡಿಶ್, ಅದರ ಮುಂದೆ ಕೂತು ಅಲೆ ಹಿಡಿಯುವ ಡಬ್ಬಿಯಾದ ಎಲ್‌ಎನ್‌ಬಿ, ಡಿಶ್ ಕೂರಿಸುವ ಹುಡುಗರು ಬಳಸುವ ಸಿಗ್ನಲ್ ಮೀಟರ್, ಇಷ್ಟಿದ್ದರೆ ಒಂದು ಪಿಯು ಕಾಲೇಜಿನ ಮಕ್ಕಳು ಚಾವಣಿಯ ಮೇಲೆ ಇದನ್ನು ಮಾಡಬಹುದು. ಸೂರ್ಯನ ಮೇಲಿನ ಚುಕ್ಕೆಗಳ ನಕ್ಷೆ ಸಿಗಲಿಕ್ಕಿಲ್ಲ. ಆದರೆ ಚಂದ್ರ ಕಚ್ಚಿದಷ್ಟೂ ಗೆರೆ ಇಳಿಯುವುದು, ಬಿಟ್ಟಷ್ಟೂ ಏರುವುದು ಕಾಣುತ್ತದೆ. ದೊಡ್ಡ ಕಲೆಯ ಗುಂಪು ಮುಚ್ಚಿದರೆ ಕೋವಿಂಗ್ಟನ್ ಅವರಿಗೆ ಕಂಡ ಆ ಮೆಟ್ಟಿಲೂ ಕಾಣಬಹುದು. ಜೆದ್ದಾದಲ್ಲಿರುವ ಅಣ್ಣನೋ ಮಾವನೋ ಅದೇ ದಿನ ಅಲ್ಲೊಂದು ಡಿಶ್ ಇಟ್ಟರೆ ಎರಡು ಊರಿನ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಖಗ್ರಾಸದಲ್ಲಿ ತಳದಲ್ಲಿ ಉಳಿಯುವ ಒಂದಿಷ್ಟು ಅವರ ಗೆರೆಯಲ್ಲಿ ಇರುತ್ತದೆ.

ಒಂದೇ ಎಚ್ಚರಿಕೆ. ಡಿಶ್ಶಿನ ಜೊತೆ ನೀವೂ ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡುತ್ತಾ ನಿಲ್ಲಬೇಡಿ. ಡಿಶ್ ಸರಿಯಾಗಿ ತಿರುಗಿದೆಯಾ ಅಂತ ತಿಳಿಯಲು ನೆಲದ ಮೇಲೆ ಅದರ ನೆರಳು ನೋಡಿ. ಎಲ್‌ಎನ್‌ಬಿಯ ನೆರಳು ಡಿಶ್ಶಿನ ಮೈಮೇಲೆ ಎಲ್ಲಿ ಬಿದ್ದಾಗ ಮೀಟರ್ ಹೆಚ್ಚು ತೋರಿಸುತ್ತದೋ ಆ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ಆಮೇಲೆ ಐದು ನಿಮಿಷಕ್ಕೊಮ್ಮೆ ನೆರಳನ್ನು ಗುರುತಿಗೆ ತಂದರೆ ಸಾಕು. ಗ್ರಹಣದ ದಿನ ಮಾತ್ರ ಅಳೆದರೆ ಪ್ರಯೋಜನ ಕಡಿಮೆ, ಯಾಕೆಂದರೆ ಸಂಜೆಗೆ ಸೂರ್ಯ ಇಳಿದಾಗ ಮೀಟರ್ ಹೇಗೂ ಸ್ವಲ್ಪ ಬದಲಾಗುತ್ತದೆ. ಹಿಂದಿನ ಮೂರು ದಿನ, ಮುಂದಿನ ಮೂರು ದಿನ, ಅದೇ ಹೊತ್ತಿಗೆ ಅದೇ ಡಿಶ್ಶಿನಲ್ಲಿ ಅಳೆದು ಬರೆದಿಡಿ. ಆರು ದಿನದ ಗೆರೆಗಳ ಸರಾಸರಿಯನ್ನು ಗ್ರಹಣದ ಗೆರೆಯಿಂದ ಕಳೆಯಿರಿ. ಉಳಿಯುವ ಗುಳಿ ಚಂದ್ರನದು.